ರಾತ್ರಿ ಪಾಳಿಯ ಕ್ಯಾಮೆರಾ: ಅಪರಾಧ ಸುದ್ದಿಗೆ ಹೊರಟಿರುವ ಯುವಜನರಿಗೆ ಬಹಿರಂಗ ಪತ್ರ

ಪತ್ರಿಕೋದ್ಯಮ ಓದಿ ಕ್ರೈಂ ಬೀಟ್ ಆರಿಸಿಕೊಳ್ಳಲು ಹೊರಟಿರುವ ವಿದ್ಯಾರ್ಥಿಗಳಿಗೆ, ಜಿಲ್ಲೆ ತಾಲ್ಲೂಕುಗಳಲ್ಲಿ ಕ್ಯಾಮೆರಾ ಹಿಡಿದಿರುವ ಸ್ಟ್ರಿಂಗರ್‌ಗಳಿಗೆ, ಸ್ವಂತ ಯೂಟ್ಯೂಬ್ ವಾಹಿನಿ ತೆರೆದಿರುವ ಯುವಕ ಯುವತಿಯರಿಗೆ,



ಡ್ಯಾನ್ ಗಿಲ್ರಾಯ್ ಬರೆದು ನಿರ್ದೇಶಿಸಿದ, 2014ರಲ್ಲಿ ತೆರೆಕಂಡ ‘ನೈಟ್‌ಕ್ರಾಲರ್’ ಎಂಬ ಅಮೆರಿಕದ ಚಲನಚಿತ್ರವು ಲಾಸ್ ಏಂಜಲೀಸ್ ನಗರದಲ್ಲಿ ರಾತ್ರಿ ನಡೆಯುವ ಅಪಘಾತ, ಗುಂಡೇಟು, ಕೊಲೆಗಳ ದೃಶ್ಯಗಳನ್ನು ಸೆರೆಹಿಡಿದು ಟಿವಿ ವಾಹಿನಿಗೆ ಮಾರುವ ಲೂ ಬ್ಲೂಮ್ ಎಂಬವನ ಕಥೆ. ಭಯ ಹುಟ್ಟಿಸಲೆಂದೇ ರೂಪಿಸಿದ ಆ ಪಾತ್ರದ ಮಾತುಗಳನ್ನು ಕತ್ತರಿಸಿ, ಹಿನ್ನೆಲೆಗೆ ಅಬ್ಬರದ ಸಂಗೀತ ಕೂಡಿಸಿ, ದುಡಿದು ಮೇಲೆ ಬಂದವನೊಬ್ಬನ ಸ್ಫೂರ್ತಿಯ ನುಡಿಗಳೆಂಬಂತೆ ಮೊಬೈಲಿನಲ್ಲಿ ಹಂಚಿಕೊಳ್ಳುವ ರೂಢಿ ಇತ್ತೀಚಿನ ವರ್ಷಗಳಲ್ಲಿ ಬೆಳೆದಿರುವುದು ಆ ಚಿತ್ರದ ವಿಚಿತ್ರ ಫಲ. ತಾವು ಅದೇ ವೃತ್ತಿಯ ಹೊಸ್ತಿಲಲ್ಲಿ ನಿಂತವರಾದ್ದರಿಂದ, ಅವನು ಯಾರು, ಅವನನ್ನು ಬೆಳೆಸಿದ್ದು ಯಾವುದು, ಅವನ ಕೈ ಮೊದಲು ಜಾರಿದ್ದು ಎಲ್ಲಿ ಎಂಬುದನ್ನು ತಮ್ಮ ಮುಂದಿಟ್ಟು ಪರಿಶೀಲಿಸುವುದು ಈ ಪತ್ರದ ಉದ್ದೇಶ. ಇದನ್ನು ಬರೆಯುತ್ತಿರುವವರು ಸುದ್ದಿಮನೆಯ ಒಳಗಿನವರಲ್ಲ. ರಾತ್ರಿ ಊಟದ ಹೊತ್ತಿಗೆ ಟಿವಿ ಹಾಕಿ, ತಾವು ಕಳಿಸಿದ ಫುಟೇಜನ್ನು ತಟ್ಟೆಯ ಮುಂದೆ ಕುಳಿತು ನೋಡುವ ಲಕ್ಷಾಂತರ ಜನರಲ್ಲಿ ಒಬ್ಬರು. ಆ ತಟ್ಟೆಯ ಮುಂದಿನವರಿಗೂ ಈ ವ್ಯವಹಾರದಲ್ಲಿ ಪಾಲಿದೆ ಎಂಬ ಅರಿವಿನಿಂದಲೇ ಈ ಮಾತುಗಳನ್ನು ಆಡಲಾಗುತ್ತಿದೆ.

ಮೊದಲು ಹೆಸರಿನ ವಿಚಾರ. ನೈಟ್‌ಕ್ರಾಲರ್ ಎಂದರೆ ರಾತ್ರಿ ಮಣ್ಣಿನಿಂದ ಮೇಲೆ ಬರುವ, ಮೀನಿನ ಗಾಳಕ್ಕೆ ಸಿಕ್ಕಿಸುವ ದಪ್ಪ ಎರೆಹುಳು. ಚಿತ್ರದಲ್ಲಿ ಅದು ಪೊಲೀಸ್ ರೇಡಿಯೊ ಆಲಿಸುತ್ತ ರಾತ್ರಿಯಿಡೀ ಬೀದಿ ಸುತ್ತುವ ಬಿಡಿ ಛಾಯಾಗ್ರಾಹಕನಿಗೆ ಅಂಟಿದ ಹೆಸರು. ಕನ್ನಡದಲ್ಲಿ ಇದಕ್ಕೆ ‘ನಿಶಾಚರ’ ಎಂಬ ಪದ ಇನ್ನೂ ಚೆನ್ನಾಗಿ ಒಪ್ಪುತ್ತದೆ, ಏಕೆಂದರೆ ರಾತ್ರಿ ತಿರುಗುವವ ಎಂಬ ಮುಗ್ಧ ಅರ್ಥವನ್ನೂ ರಾಕ್ಷಸ ಎಂಬ ರೂಢಿಯ ಅರ್ಥವನ್ನೂ ಅದು ಒಟ್ಟಿಗೇ ಹೊತ್ತಿದೆ. ಇಂಥ ಕೆಲಸಗಾರರಿಗೆ ವೃತ್ತಿಯ ಭಾಷೆಯಲ್ಲಿ ಸ್ಟ್ರಿಂಗರ್ ಎನ್ನುತ್ತಾರೆ. ಸಂಸ್ಥೆಯ ಸಂಬಳಪಟ್ಟಿಯಲ್ಲಿ ಇಲ್ಲದೆ, ಕೊಟ್ಟ ಸುದ್ದಿಗೆ ಅಥವಾ ದೃಶ್ಯಕ್ಕೆ ತಕ್ಕಂತೆ ಹಣ ಪಡೆಯುವವರು ಇವರು. ಪತ್ರಿಕೆಯಲ್ಲಿ ಅಚ್ಚಾದ ಬರಹದ ಉದ್ದವನ್ನು ದಾರದಿಂದ ಅಳೆದು ಕಾಸು ಕೊಡುತ್ತಿದ್ದುದರಿಂದ ಈ ಹೆಸರು ಬಂತೆಂದು ಹೇಳುವುದುಂಟು. ವ್ಯುತ್ಪತ್ತಿ ಹೇಗೇ ಇರಲಿ, ಅಳತೆಗೆ ತಕ್ಕ ಕೂಲಿ ಎಂಬ ಅದರೊಳಗಿನ ಸೂತ್ರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಇಡೀ ಕಥೆ ಆ ಸೂತ್ರದ ಮೇಲೆಯೇ ನಿಂತಿದೆ.

ಜೇಕ್ ಜಿಲೆನ್‌ಹಾಲ್ ಮೈ ಇಳಿಸಿಕೊಂಡು, ಹಸಿದ ಕಾಡುನಾಯಿಯಂಥ ಕಣ್ಣುಗಳಿಂದ ಅಭಿನಯಿಸಿರುವ ಲೂ ಬ್ಲೂಮ್ ಚಿತ್ರದ ಆರಂಭದಲ್ಲಿ ತಂತಿಬೇಲಿಯನ್ನೂ ಚರಂಡಿಯ ಮುಚ್ಚಳಗಳನ್ನೂ ಕದ್ದು ಗುಜರಿಗೆ ಮಾರುವ ನಿರುದ್ಯೋಗಿ. ತಡೆಯಲು ಬಂದ ಕಾವಲುಗಾರನ ಮೇಲೆ ಬಿದ್ದು ಕಿತ್ತುಕೊಂಡ ಕೈಗಡಿಯಾರ ಮುಂದೆ ಅವನ ಮಣಿಕಟ್ಟಿನ ಮೇಲಿರುತ್ತದೆ. ಆದರೂ ಅವನು ಸೋಮಾರಿಯಲ್ಲ, ಕುಡುಕನಲ್ಲ, ಒರಟು ಮಾತಿನವನೂ ಅಲ್ಲ. ಗುಜರಿ ಅಂಗಡಿಯ ಮಾಲೀಕನ ಎದುರು ನಿಂತು ತನ್ನ ಶ್ರಮಶೀಲತೆ, ಗುರಿ, ಕಲಿಯುವ ಉತ್ಸಾಹಗಳನ್ನು ಸಂದರ್ಶನದ ಅಭ್ಯರ್ಥಿಯಂತೆ ಒಪ್ಪಿಸಿ ಕೆಲಸ ಕೇಳುತ್ತಾನೆ. ಕಳ್ಳನಿಗೆ ಕೆಲಸ ಕೊಡುವುದಿಲ್ಲವೆಂಬ ಉತ್ತರ ಬರುತ್ತದೆ. ಅಂತರ್ಜಾಲದಲ್ಲಿ ಓದಿ ಬಾಯಿಪಾಠ ಮಾಡಿಕೊಂಡ ವ್ಯವಹಾರ ನಿರ್ವಹಣೆಯ ಪಾಠಗಳೇ ಅವನ ಏಕೈಕ ವಿದ್ಯೆ, ಏಕೈಕ ನೀತಿಶಾಸ್ತ್ರ. 2008ರ ಆರ್ಥಿಕ ಕುಸಿತದ ತರುವಾಯ ಕ್ಯಾಲಿಫೋರ್ನಿಯಾದಲ್ಲಿ ನಿರುದ್ಯೋಗದ ಪ್ರಮಾಣ ಶೇ 12ನ್ನು ದಾಟಿತ್ತೆಂಬುದನ್ನು ನೆನೆದರೆ, ಈ ಬಾಯಿಪಾಠದ ಹಿಂದಿರುವ ಹಸಿವು ಅರ್ಥವಾಗುತ್ತದೆ. ಆ ಹಸಿವನ್ನು ಚಿತ್ರ ಎಲ್ಲಿಯೂ ಲೇವಡಿ ಮಾಡುವುದಿಲ್ಲ. ತಮ್ಮಲ್ಲಿ ಹಲವರು ಅದೇ ಹಸಿವಿನಿಂದ ಈ ಕೆಲಸಕ್ಕೆ ಬಂದಿರಬಹುದಾದ್ದರಿಂದ ಈ ಪತ್ರವೂ ಲೇವಡಿ ಮಾಡಲಾರದು.

ಹೆದ್ದಾರಿಯಲ್ಲಿ ಉರಿಯುತ್ತಿದ್ದ ಕಾರಿನ ಬಳಿ ಕ್ಯಾಮೆರಾ ಹಿಡಿದ ತಂಡವೊಂದನ್ನು ಕಂಡ ಲೂ, ಮರುದಿನ ಕಡಲತೀರದಲ್ಲಿ ಕದ್ದ ಸೈಕಲ್ಲನ್ನು ಗಿರವಿ ಅಂಗಡಿಗೆ ಕೊಟ್ಟು ಕ್ಯಾಮೆರಾವನ್ನೂ ಸ್ಕ್ಯಾನರನ್ನೂ ಪಡೆಯುತ್ತಾನೆ. ಸ್ಕ್ಯಾನರ್ ಎಂದರೆ ಪೊಲೀಸರು ತಮ್ಮೊಳಗೆ ಆಡುವ ರೇಡಿಯೊ ಮಾತನ್ನು ಕೇಳಿಸುವ ಉಪಕರಣ. ಈ ಉಪಾಯ ಹೊಸದೇನಲ್ಲ. ವೀಜಿ ಎಂಬ ಅಡ್ಡಹೆಸರಿನಿಂದ ಪ್ರಸಿದ್ಧನಾದ ನ್ಯೂಯಾರ್ಕಿನ ಆರ್ಥರ್ ಫೆಲಿಗ್ 1938ರಿಂದಲೇ ತನ್ನ ಕಾರಿನಲ್ಲಿ ಪೊಲೀಸ್ ರೇಡಿಯೊ ಇಟ್ಟುಕೊಂಡು, ಕೆಲವೊಮ್ಮೆ ಪೊಲೀಸರಿಗಿಂತ ಮೊದಲೇ ಹೆಣದ ಬಳಿ ತಲುಪುತ್ತಿದ್ದನು. ಗಿಲ್ರಾಯ್ ಈ ಚಿತ್ರದ ಬೀಜವನ್ನು ಪಡೆದದ್ದೂ ಆ ವೀಜಿಯ ಬದುಕಿನಿಂದಲೇ. ವೀಜಿಯ ಎರಡು ಚಿತ್ರಗಳನ್ನು ತಾವು ಅಕ್ಕಪಕ್ಕ ಇಟ್ಟು ನೋಡಬೇಕು. ಬ್ರೂಕ್ಲಿನ್‌ನಲ್ಲಿ 1941ರಲ್ಲಿ ಬೀದಿಯಲ್ಲಿ ಗುಂಡೇಟಿಗೆ ಒಬ್ಬ ಸತ್ತಾಗ ತೆಗೆದ ಒಂದು ಚಿತ್ರದಲ್ಲಿ ಹೆಣವೇ ಇಲ್ಲ; ನೋಡಲು ನುಗ್ಗಿದ ಶಾಲಾಮಕ್ಕಳ ಮುಖಗಳಿವೆ, ಒಂದರಲ್ಲಿ ಕುತೂಹಲ, ಒಂದರಲ್ಲಿ ನಗು, ಅವುಗಳ ನಡುವೆ ಅಳುವ ಒಬ್ಬ ಹೆಂಗಸು. ಕೊಲೆಯ ಬಗ್ಗೆ ಅಷ್ಟು ಹೇಳಿದ ಚಿತ್ರಗಳು ವಿರಳ. ಎರಡನೆಯದು 1943ರ ‘ದಿ ಕ್ರಿಟಿಕ್’: ವಜ್ರ ತೊಟ್ಟು ಸಂಗೀತನಾಟಕಕ್ಕೆ ಬಂದ ಸಿರಿವಂತ ಸ್ತ್ರೀಯರನ್ನು ಬಡ ಹೆಂಗಸೊಬ್ಬಳು ದುರುಗುಟ್ಟಿ ನೋಡುತ್ತಿರುವ ಆ ಹೆಸರಾಂತ ಚಿತ್ರಕ್ಕಾಗಿ ಅವಳನ್ನು ಹೆಂಡದಂಗಡಿಯಿಂದ ಕರೆತಂದು ನಿಲ್ಲಿಸಲಾಗಿತ್ತೆಂದು ವೀಜಿಯ ಸಹಾಯಕನೇ ಮುಂದೆ ಹೇಳಿದನು. ಇದ್ದುದನ್ನು ಇನ್ನೊಂದು ಕಡೆಯಿಂದ ನೋಡಿದ ಕಣ್ಣು ಮತ್ತು ಇಲ್ಲದ್ದನ್ನು ತಂದು ನಿಲ್ಲಿಸಿದ ಕೈ, ಎರಡೂ ಒಬ್ಬನವೇ ಆಗಿದ್ದವು.

ಲೂ ತನ್ನ ಮೊದಲ ದೃಶ್ಯವನ್ನು ಮಾರುವುದು ಆ ನಗರದಲ್ಲಿ ವೀಕ್ಷಕರ ಸಂಖ್ಯೆಯಲ್ಲಿ ಕೊನೆಯಲ್ಲಿರುವ ವಾಹಿನಿಯೊಂದರ ರಾತ್ರಿ ಪಾಳಿಯ ಮುಖ್ಯಸ್ಥೆ ನೀನಾಳಿಗೆ. ರೆನೆ ರುಸ್ಸೋ ಅಭಿನಯಿಸಿದ ಈ ಪಾತ್ರವನ್ನು ಚಿತ್ರದ ನಿಜವಾದ ಕೀಲಿಕೈ ಎಂದು ಪರಿಗಣಿಸುವುದು ಸೂಕ್ತ. ತನಗೆ ಬೇಕಾದದ್ದು ಯಾವ ಬಗೆಯ ಅಪರಾಧ ಎಂಬುದನ್ನು ಅವಳು ಅಂಗಡಿಯ ಚೀಟಿ ಬರೆದುಕೊಟ್ಟಷ್ಟು ಸ್ಪಷ್ಟವಾಗಿ ವಿವರಿಸುತ್ತಾಳೆ: ಬಲಿಯಾದವರು ಬಿಳಿಯರೂ ಉಳ್ಳವರೂ ಆಗಿರಬೇಕು, ಆಕ್ರಮಣ ಮಾಡಿದವರು ಬಡವರೋ ಅಲ್ಪಸಂಖ್ಯಾತರೋ ಆಗಿರಬೇಕು, ನಗರದ ಕೇಡು ನೆಮ್ಮದಿಯ ಬಡಾವಣೆಗಳಿಗೆ ತೆವಳಿ ಬರುತ್ತಿದೆಯೆಂಬ ಭಾವನೆ ಹುಟ್ಟಬೇಕು. ಬಡವರ ಕೇರಿಯಲ್ಲಿ ಬಡವನೊಬ್ಬ ಸತ್ತರೆ ಅದಕ್ಕೆ ಬೆಲೆಯಿಲ್ಲ. ನೀನಾ ಇದನ್ನು ಕ್ರೌರ್ಯದಿಂದ ಹೇಳುವುದಿಲ್ಲ, ಅನುಭವದಿಂದ ಹೇಳುತ್ತಾಳೆ, ಅವಳ ಗುತ್ತಿಗೆಯ ಅವಧಿ ಮುಗಿಯುತ್ತ ಬಂದಿದೆ, ವೀಕ್ಷಕರ ಸಂಖ್ಯೆ ಏರದಿದ್ದರೆ ಕೆಲಸ ಹೋಗುತ್ತದೆ. ಆ ಭಯದ ವಾಸನೆ ಹಿಡಿದ ಲೂ ಮುಂದೆ ಅದನ್ನೇ ಆಯುಧ ಮಾಡಿಕೊಂಡು ಅವಳ ದೇಹವನ್ನೂ ಒಪ್ಪಂದದ ಷರತ್ತಾಗಿ ಕೇಳುವ ದೃಶ್ಯದಲ್ಲಿ ಒಂದು ಹನಿ ರಕ್ತವೂ ಇಲ್ಲ, ಆದರೆ ಇಡೀ ಚಿತ್ರದಲ್ಲಿ ಹೊಟ್ಟೆ ತೊಳಸುವ ಭಾಗ ಅದೇ.

ಚಿತ್ರದಲ್ಲಿ ಲೂ ಉಲ್ಲೇಖಿಸುವ ಒಂದು ಲೆಕ್ಕ ಕಾಲ್ಪನಿಕವಲ್ಲ. ಲಾಸ್ ಏಂಜಲೀಸಿನ ಸ್ಥಳೀಯ ಟಿವಿ ಸುದ್ದಿಯ ಅರ್ಧ ಗಂಟೆಯಲ್ಲಿ ನಗರಾಡಳಿತಕ್ಕೆ, ಅಂದರೆ ಬಜೆಟ್, ಶಾಲೆ, ಸಾರಿಗೆ ಎಲ್ಲಕ್ಕೂ ಸೇರಿ ಸಿಗುವುದು ಸರಾಸರಿ 22 ಸೆಕೆಂಡ್ ಎಂದು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದರು. ಚಿತ್ರದಲ್ಲಿ ಅಪರಾಧ ಸುದ್ದಿಯ ಪಾಲು ಐದು ನಿಮಿಷಕ್ಕೂ ಮಿಕ್ಕದ್ದೆಂದು ಲೂ ಲೆಕ್ಕ ಒಪ್ಪಿಸುತ್ತಾನೆ. ಇದರ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನು ಇಡಬೇಕು. ಅದೇ ನಗರದಲ್ಲಿ 1992ರಲ್ಲಿ ಸಾವಿರವನ್ನು ದಾಟಿದ್ದ ವಾರ್ಷಿಕ ಕೊಲೆಗಳು, ಚಿತ್ರ ಬಿಡುಗಡೆಯಾದ 2014ರ ಹೊತ್ತಿಗೆ ಮುನ್ನೂರರ ಒಳಗೆ ಇಳಿದಿದ್ದವು. ಬೀದಿಯಲ್ಲಿ ಕೊಲೆ ಕಡಿಮೆಯಾಗಿ ತೆರೆಯ ಮೇಲೆ ಹಾಗೆಯೇ ಉಳಿದರೆ ನೋಡುಗನ ಮನಸ್ಸಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಹಂಗೇರಿ ಮೂಲದ ವಿದ್ವಾಂಸ ಜಾರ್ಜ್ ಗರ್ಬ್ನರ್ 1970ರ ದಶಕದಿಂದಲೇ ಕೈಗೆತ್ತಿಕೊಂಡಿದ್ದರು. ಹೆಚ್ಚು ಹೊತ್ತು ಟಿವಿ ನೋಡುವವರ ಮನಸ್ಸಿನಲ್ಲಿ ಟಿವಿಯ ಜಗತ್ತೇ ನಿಜಜಗತ್ತಿನ ನಕ್ಷೆಯಾಗಿ ನಿಧಾನವಾಗಿ ಬೇರೂರುತ್ತದೆ ಎಂಬ ಅವರ ವಾದಕ್ಕೆ ಕಲ್ಟಿವೇಷನ್ ಸಿದ್ಧಾಂತ, ಅಂದರೆ ಬಿತ್ತಿ ಬೆಳೆಯುವ ಸಿದ್ಧಾಂತ ಎಂಬ ಹೆಸರಿದೆ. ಅದರಿಂದ ಹುಟ್ಟುವ, ಲೋಕವು ಇರುವುದಕ್ಕಿಂತ ಹೆಚ್ಚು ಅಪಾಯಕಾರಿ ಎಂಬ ನಂಬಿಕೆಯನ್ನು ಅವರು ಕೇಡಿನ ಲೋಕದ ರೋಗಲಕ್ಷಣ ಎಂಬರ್ಥದಲ್ಲಿ ‘ಮೀನ್ ವರ್ಲ್ಡ್ ಸಿಂಡ್ರೋಮ್’ ಎಂದು ಕರೆದರು. ರಾತ್ರಿ ಒಂಬತ್ತರ ಮೇಲೆ ಮಗಳು ಬಸ್ ನಿಲ್ದಾಣದಿಂದ ಮನೆಗೆ ನಡೆದು ಬರುವುದು ಬೇಡವೆಂದು ತೀರ್ಮಾನಿಸುವ ತಂದೆ ತಾಯಿಗಳು ತಮ್ಮ ಫುಟೇಜಿನ ಗ್ರಾಹಕರೆಂಬುದನ್ನು ತಾವು ಮರೆಯಬಾರದು.

ಇನ್ನು ಕೈ ಜಾರಿದ ಕ್ಷಣದ ಮಾತು. ಬಹುಪಾಲು ನೋಡುಗರು ಲೂವಿನ ಅಧಃಪತನವನ್ನು ಚಿತ್ರದ ಕೊನೆಯ ಸಾವಿನಲ್ಲಿ ಗುರುತಿಸುತ್ತಾರೆ. ಆದರೆ ಅದಕ್ಕೂ ಬಹಳ ಮೊದಲು, ಗುಂಡುಗಳು ತೂರಿದ ಮನೆಯೊಂದರೊಳಕ್ಕೆ ಅವನು ಸದ್ದಿಲ್ಲದೆ ನುಸುಳಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಆ ಕುಟುಂಬದ ಭಾವಚಿತ್ರಗಳನ್ನು ಒಂದಿಷ್ಟು ಸರಿಸಿ ಗುಂಡಿನ ತೂತುಗಳ ಪಕ್ಕಕ್ಕೆ ತಂದು, ಎರಡೂ ಒಂದೇ ಚೌಕಟ್ಟಿನಲ್ಲಿ ಬೀಳುವಂತೆ ಮಾಡುತ್ತಾನೆ. ಯಾರಿಗೂ ಗಾಯವಾಗಲಿಲ್ಲ, ಯಾರ ಆಸ್ತಿಯೂ ಹೋಗಲಿಲ್ಲ, ತೂತುಗಳೂ ನಿಜ, ಭಾವಚಿತ್ರಗಳೂ ನಿಜ; ಅವುಗಳ ನಡುವಿನ ಅಂತರ ಮಾತ್ರ ಸುಳ್ಳು. ಆ ಬೆರಳೆಣಿಕೆಯ ಅಂಗುಲಗಳನ್ನು ದಾಟಿದವನಿಗೆ ಮುಂದಿನ ಅಪಘಾತದಲ್ಲಿ ಬೆಳಕು ಚೆನ್ನಾಗಿ ಬೀಳಲೆಂದು ಹೆಣವನ್ನೇ ಎಳೆದು ಮಲಗಿಸುವುದು ಕಷ್ಟವಾಗುವುದಿಲ್ಲ. ಅದರ ಮುಂದಿನದು ಪ್ರತಿಸ್ಪರ್ಧಿ ಛಾಯಾಗ್ರಾಹಕನ ವ್ಯಾನಿನ ಬ್ರೇಕನ್ನು ಕೆಡಿಸಿ, ಅವನ ಅಪಘಾತವನ್ನೇ ಚಿತ್ರೀಕರಿಸುವುದು. ಕೆಟ್ಟ ಕೆಲಸ ದೊಡ್ಡದಾಗುತ್ತ ಹೋದಂತೆ ಲೂವಿನ ಛಾಯಾಗ್ರಹಣವೂ ಉತ್ತಮವಾಗುತ್ತ ಹೋಗುತ್ತದೆ ಎಂಬ ಅಹಿತಕರ ಸತ್ಯವನ್ನು ಚಿತ್ರಕಥೆ ಮುಚ್ಚಿಡುವುದಿಲ್ಲ. ಛಾಯಾಗ್ರಾಹಕ ರಾಬರ್ಟ್ ಎಲ್ಸ್‌ವಿಟ್ ಆ ರಾತ್ರಿಗಳನ್ನು ಸುಂದರವಾಗಿ ತೋರಿಸಿರುವುದರಿಂದ ನೋಡುಗನಿಗೂ ಆ ಸೌಂದರ್ಯದಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಗ್ರನಾಡಾ ಹಿಲ್ಸ್ ಎಂಬ ಬಡಾವಣೆಯ ಸಿರಿವಂತ ಮನೆಯಲ್ಲಿ ನಡೆದ ಕೊಲೆಗಳ ಭಾಗವು ಸುದ್ದಿಮನೆಯವರು ಪಠ್ಯದಂತೆ ಓದಬೇಕಾದದ್ದು. ಪೊಲೀಸರಿಗಿಂತ ಮೊದಲೇ ಅಲ್ಲಿ ತಲುಪಿದ ಲೂ ಹಂತಕರ ಮುಖವನ್ನೂ ವಾಹನದ ನಂಬರ್ ಪ್ಲೇಟನ್ನೂ ಸೆರೆಹಿಡಿಯುತ್ತಾನೆ, ಆ ತುಣುಕುಗಳನ್ನು ಬಚ್ಚಿಟ್ಟು ಉಳಿದದ್ದನ್ನು ವಾಹಿನಿಗೆ ಮಾರುತ್ತಾನೆ, ತನಗೆ ಅನುಕೂಲವಾದ ಜನನಿಬಿಡ ಸ್ಥಳದಲ್ಲಿ ಹಂತಕರು ಕುಳಿತಿರುವಾಗ ಪೊಲೀಸರಿಗೆ ಸುಳಿವು ಕೊಟ್ಟು, ಅದರಿಂದ ಉಂಟಾಗುವ ಗುಂಡಿನ ಕಾಳಗವನ್ನು ತನ್ನ ಮುಂದಿನ ಸರಕಾಗಿಸಿಕೊಳ್ಳುತ್ತಾನೆ. ಇದರ ನಡುವೆ ಆ ಮನೆಯಲ್ಲಿ ಮಾದಕವಸ್ತು ಸಿಕ್ಕಿತೆಂಬ, ಅಂದರೆ ಅದು ಅಮಾಯಕ ಕುಟುಂಬದ ಮೇಲೆ ಅಪರಿಚಿತರ ದಾಳಿಯಾಗಿರದೆ ಮಾದಕವಸ್ತು ವ್ಯವಹಾರದ ಜಗಳವೆಂಬ ಮಾಹಿತಿ ಸುದ್ದಿಮನೆಗೆ ಬರುತ್ತದೆ. ಅದನ್ನು ಸೇರಿಸಿದರೆ ಕಥೆಯ ಕಾವು ಇಳಿಯುತ್ತದೆಂದು ನೀನಾ ಅದನ್ನು ಬದಿಗೆ ಸರಿಸುತ್ತಾಳೆ. ಫ್ರಿಜ್ಜಿನ ಮೇಲಿನ ಭಾವಚಿತ್ರವನ್ನು ಸರಿಸಿದ ಕೈಗೂ ಡೆಸ್ಕಿನಲ್ಲಿ ಒಂದು ವಾಕ್ಯವನ್ನು ಸರಿಸಿದ ಕೈಗೂ ವ್ಯತ್ಯಾಸ ಹುಡುಕುವುದು ಸುಲಭವಲ್ಲ. ಕಡೆಗೆ, ರಾತ್ರಿಯೊಂದಕ್ಕೆ 30 ಡಾಲರಿಗೆ ದುಡಿಯುತ್ತಿದ್ದ, ಮನೆಮಠವಿಲ್ಲದ ಸಹಾಯಕ ರಿಕ್ ಹಂತಕರ ಸುಳಿವಿಗೆ ಸಿಗುವ ಬಹುಮಾನದ ಹಣದಲ್ಲಿ ಅರ್ಧ ಕೇಳಿದಾಗ, ಹಂತಕ ಸತ್ತಿದ್ದಾನೆಂದು ಸುಳ್ಳು ಹೇಳಿ ಅವನನ್ನು ಬದುಕಿರುವ ಹಂತಕನ ಬಂದೂಕಿನ ಎದುರಿಗೆ ಕಳಿಸಿ, ಅವನು ಸಾಯುವುದನ್ನೂ ಲೂ ಚಿತ್ರೀಕರಿಸುತ್ತಾನೆ. ಕಾನೂನು ಅವನನ್ನು ಹಿಡಿಯುವುದಿಲ್ಲ. ಚಿತ್ರದ ಕೊನೆಗೆ ಅವನ ಬಳಿ ಎರಡು ವ್ಯಾನುಗಳಿವೆ, ಹೊಸ ತರಬೇತಿ ಅಭ್ಯರ್ಥಿಗಳಿದ್ದಾರೆ. ತಮ್ಮ ವಯಸ್ಸಿನವರು ಹಂಚಿಕೊಳ್ಳುವ ಸ್ಫೂರ್ತಿಯ ತುಣುಕುಗಳಲ್ಲಿ ರಿಕ್ ಕಾಣಿಸುವುದು ಬಹಳ ಅಪರೂಪ.

ಇದೆಲ್ಲ ಸಿನಿಮಾದ ಅತಿಶಯೋಕ್ತಿ ಎನ್ನುವವರಿಗೆ ಇತಿಹಾಸ ಅಷ್ಟು ಸಮಾಧಾನ ಕೊಡುವುದಿಲ್ಲ. ಲಾಸ್ ಏಂಜಲೀಸಿನಲ್ಲೇ 1998ರ ಏಪ್ರಿಲ್ 30ರಂದು ಹೆದ್ದಾರಿಯ ಮೇಲೆ ವಾಹನ ನಿಲ್ಲಿಸಿ ಆತ್ಮಹತ್ಯೆ ಮಾಡಿಕೊಂಡ ವ್ಯಕ್ತಿಯನ್ನು ಹೆಲಿಕಾಪ್ಟರಿನಿಂದ ನೇರಪ್ರಸಾರದಲ್ಲಿ ತೋರಿಸಲಾಯಿತು. ಕೆಲವು ವಾಹಿನಿಗಳು ಅದಕ್ಕಾಗಿ ಮಕ್ಕಳ ಕಾರ್ಯಕ್ರಮವನ್ನು ನಡುವೆಯೇ ನಿಲ್ಲಿಸಿದ್ದವು. ಬ್ರೆಜಿಲಿನ ಮನಾಉಸ್ ನಗರದಲ್ಲಿ ಅಪರಾಧ ಕಾರ್ಯಕ್ರಮ ನಡೆಸಿ ಅದರ ಜನಪ್ರಿಯತೆಯಿಂದಲೇ ಶಾಸಕನಾದ ವಾಲೇಸ್ ಸೌಜಾ ಎಂಬವನ ಮೇಲೆ, ವೀಕ್ಷಕರನ್ನು ಗಳಿಸಲು ಕೊಲೆಗಳನ್ನು ಮಾಡಿಸಿದನೆಂಬ ಆರೋಪ 2009ರಲ್ಲಿ ಬಂತು; ಅವನು ಅದನ್ನು ನಿರಾಕರಿಸಿದ್ದನು, ವಿಚಾರಣೆ ಮುಗಿದು ತೀರ್ಪು ಬರುವ ಮೊದಲೇ 2010ರಲ್ಲಿ ತೀರಿಕೊಂಡದ್ದರಿಂದ ಆರೋಪ ಆರೋಪವಾಗಿಯೇ ಉಳಿಯಿತು. ದೆಹಲಿಯಲ್ಲಿ 2007ರಲ್ಲಿ ಶಾಲಾ ಶಿಕ್ಷಕಿಯೊಬ್ಬರ ಮೇಲೆ ನಡೆಸಿದ ‘ಕುಟುಕು ಕಾರ್ಯಾಚರಣೆ’, ಅಂದರೆ ಗುಪ್ತ ಕ್ಯಾಮೆರಾದ ತನಿಖೆ, ಪ್ರಸಾರವಾದೊಡನೆ ಗುಂಪು ಶಾಲೆಗೆ ನುಗ್ಗಿ ಅವರನ್ನು ಥಳಿಸಿ ಬಟ್ಟೆ ಹರಿಯಿತು. ಆಮೇಲೆ ಆ ಇಡೀ ದೃಶ್ಯವೇ ಕಟ್ಟುಕಥೆಯೆಂದು ಬಯಲಾಗಿ ವರದಿಗಾರನ ಬಂಧನವಾಯಿತು, ವಾಹಿನಿಯ ಪ್ರಸಾರವನ್ನು ಕೇಂದ್ರ ಸರ್ಕಾರ ಒಂದು ತಿಂಗಳು ನಿಲ್ಲಿಸಿತು. ಮರುವರ್ಷ ಮುಂಬೈ ದಾಳಿಯ ಹೊತ್ತಿನ ನೇರಪ್ರಸಾರವು ಕಾರ್ಯಾಚರಣೆಯಲ್ಲಿದ್ದ ಭದ್ರತಾ ಸಿಬ್ಬಂದಿಯ ಜೀವಕ್ಕೇ ಅಪಾಯ ತಂದಿತೆಂದು ಸುಪ್ರೀಂ ಕೋರ್ಟ್ 2012ರ ಆಗಸ್ಟ್‌ನ ತೀರ್ಪಿನಲ್ಲಿ ಕಟುವಾಗಿ ಟೀಕಿಸಿತು. ಒಂದೊಂದು ಸಂದರ್ಭದ ತೀವ್ರತೆ ಬೇರೆ ಬೇರೆ. ಎಲ್ಲದರಲ್ಲೂ ಮೊದಲು ತಲುಪಿದವನಿಗೆ ಮತ್ತು ಹತ್ತಿರದಿಂದ ತೋರಿಸಿದವನಿಗೆ ಹೆಚ್ಚು ಸಿಗುತ್ತದೆ ಎಂಬ ನಿಯಮ ಒಂದೇ.

ಕರ್ನಾಟಕದ ಸ್ಟ್ರಿಂಗರ್ ಲೂ ಬ್ಲೂಮ್ ಅಲ್ಲ, ಹಾಗೆನ್ನುವುದು ಅನ್ಯಾಯ. ಇಲ್ಲಿ ಪೊಲೀಸ್ ರೇಡಿಯೊ ಆಲಿಸುವ ಅಭ್ಯಾಸವಿಲ್ಲ, ಠಾಣೆಯ ಪರಿಚಯವೂ ವಾಟ್ಸ್‌ಆ್ಯಪ್ ಗುಂಪುಗಳೂ ಆ ಕೆಲಸ ಮಾಡುತ್ತವೆ. ಬಹುಪಾಲು ತಾಲ್ಲೂಕು ವರದಿಗಾರರು ಬೈಕಿಗೆ ಸ್ವಂತ ದುಡ್ಡಿನ ಪೆಟ್ರೋಲ್ ಹಾಕಿ, ವಾಹಿನಿಯ ಲೋಗೋ ಹಿಡಿದು, ಪ್ರಸಾರವಾದ ಸುದ್ದಿಗೆ ಮಾತ್ರ ಸಿಗುವ ಅಲ್ಪ ಹಣಕ್ಕೆ ತಿಂಗಳುಗಟ್ಟಲೆ ಕಾಯುವವರು. ಕೆರೆಯ ಹೂಳಿನ ಸುದ್ದಿ ಕಳಿಸಿದರೆ ಡೆಸ್ಕಿನಿಂದ ಉತ್ತರವಿಲ್ಲ, ಕೊಲೆಯ ವಿಷುಯಲ್ಸ್ ಕಳಿಸಿದರೆ ಐದು ನಿಮಿಷದಲ್ಲಿ ಫೋನ್ ಬರುತ್ತದೆ ಎಂಬ ಅನುಭವ ತಮಗೆ ಪಾಠ ಹೇಳಿಕೊಡುತ್ತಿದೆ. ನೀನಾಳ ಚೀಟಿಗೂ ಈ ಪಾಠಕ್ಕೂ ಭಾಷೆ ಮಾತ್ರ ಬೇರೆ. ವೀಕ್ಷಕರ ಪಾಲಿಗೆ ಇದು ಕಾಣುವುದು ಹೀಗೆ: ಸಿಸಿಟಿವಿಯ ಹತ್ತು ಸೆಕೆಂಡಿನ ತುಣುಕು ಕೆಂಪು ವೃತ್ತ, ಬಾಣದ ಗುರುತು, ಎದೆಬಡಿತದ ಸದ್ದುಗಳೊಂದಿಗೆ ಅರ್ಧ ಗಂಟೆ ತಿರುಗುತ್ತದೆ, ಮೃತಳ ತಾಯಿಯ ಮುಖದ ಮುಂದೆ ಮೈಕುಗಳು ಹೂಗೊಂಚಲಿನಂತೆ ಸೇರುತ್ತವೆ, ಏನನ್ನಿಸುತ್ತದೆ ಎಂದು ಅವಳನ್ನು ಕೇಳಲಾಗುತ್ತದೆ. ಅದೇ ಪ್ರಕರಣದಲ್ಲಿ ವರ್ಷಗಳ ತರುವಾಯ ಆರೋಪಿ ಖುಲಾಸೆಯಾದರೆ, ಅಂದರೆ ನ್ಯಾಯಾಲಯ ಅವನನ್ನು ನಿರ್ದೋಷಿಯೆಂದು ಬಿಟ್ಟರೆ, ಅದು ತೆರೆಯ ಕೆಳಗೆ ಓಡುವ ಒಂದು ಸಾಲಾಗಿಯಾದರೂ ಬಂದರೆ ಪುಣ್ಯ.

ಅಪರಾಧ ಸುದ್ದಿಯೇ ಬೇಡವೆಂಬ ಮಡಿವಂತಿಕೆ ಈ ಪತ್ರದ್ದಲ್ಲ. ಠಾಣೆಯಲ್ಲಿ ನಡೆದ ಸಾವು, ಮುಚ್ಚಿಹೋಗುತ್ತಿದ್ದ ವರದಕ್ಷಿಣೆ ಪ್ರಕರಣ, ದಲಿತ ಕೇರಿಯ ಮೇಲಿನ ಹಲ್ಲೆ ಇವೆಲ್ಲ ಹೊರಬರುವುದು ಬಹುತೇಕ ಸ್ಥಳೀಯ ವರದಿಗಾರನ ಹಟದಿಂದಲೇ. ಮಹತ್ವಾಕಾಂಕ್ಷೆಯೂ ದೋಷವಲ್ಲ, ಅದು ಯಾವ ಅಳತೆಗೋಲಿನಿಂದ ಅಳೆಯಲ್ಪಡುತ್ತದೆ ಎಂಬುದಷ್ಟೇ ಇಲ್ಲಿಯ ಚಿಂತೆ. ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳಿವೆ.

ಅಪಘಾತದ ಸ್ಥಳಕ್ಕೆ ತಾವೇ ಮೊದಲು ತಲುಪಿದರೆ, ಕ್ಯಾಮೆರಾ ತೆರೆಯುವ ಮೊದಲು 108ಕ್ಕೋ 112ಕ್ಕೋ ಕರೆ ಮಾಡಬೇಕು, ಆಂಬ್ಯುಲೆನ್ಸ್ ತಡವಾಗುವಂತಿದ್ದರೆ ಗಾಯಾಳುವನ್ನು ಸಾಗಿಸುವ ವ್ಯವಸ್ಥೆಗೆ ಕೈಜೋಡಿಸಬೇಕು. ಪೊಲೀಸು, ಸಾಕ್ಷಿ, ಕೋರ್ಟಿನ ಅಲೆದಾಟಗಳ ಭಯ ಇದಕ್ಕೆ ಅಡ್ಡಬರುವುದುಂಟು. ಆದರೆ ಯಾವ ಸಂಬಂಧವೂ ಇಲ್ಲದಿದ್ದರೂ ಗಾಯಾಳುವಿನ ನೆರವಿಗೆ ನಿಲ್ಲುವ ದಾರಿಹೋಕನನ್ನು, ಅಂದರೆ ಗುಡ್ ಸಮಾರಿಟನ್ ಎಂದು ಕಾನೂನು ಕರೆಯುವವನನ್ನು ರಕ್ಷಿಸಲು ಪ್ರತ್ಯೇಕ ಕಾಯ್ದೆಯನ್ನೇ ಮಾಡಿದ ಮೊದಲ ರಾಜ್ಯ ಕರ್ನಾಟಕ. 2016ರಲ್ಲಿ ವಿಧಾನಮಂಡಲ ಒಪ್ಪಿದ ಆ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು, ಮರುವರ್ಷ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮು ಇಂಥದೇ ರಕ್ಷಣೆಯನ್ನು ದೇಶಕ್ಕೆಲ್ಲ ವಿಸ್ತರಿಸಿತು. ಇದನ್ನು ಜನರಿಗೆ ತಿಳಿಸುವ ಕೆಲಸವೂ ತಮ್ಮದೇ.

ಮಹಜರು ಮುಗಿಯುವವರೆಗೆ ಸ್ಥಳದ ಯಾವ ವಸ್ತುವನ್ನೂ ಮುಟ್ಟಬಾರದು, ಸರಿಸಬಾರದು, ಸರಿಸಲು ಯಾರಿಗೂ ಹೇಳಬಾರದು. ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮು ಹೇಳುವಾಗ, ಚಂದದ ಚೌಕಟ್ಟಿಗಾಗಿ ಸರಿಸಿದ ಒಂದು ಚಪ್ಪಲಿ ಪ್ರಕರಣವನ್ನೇ ಬೀಳಿಸಬಹುದು. ತನಿಖೆಗೆ ಬೇಕಾದ ದೃಶ್ಯ ಕೈಯಲ್ಲಿದ್ದರೆ ಅದು ಡೆಸ್ಕಿಗೆ ಹೋಗುವ ಮೊದಲು ತನಿಖಾಧಿಕಾರಿಗೆ ಹೋಗಬೇಕು. ಅತ್ಯಾಚಾರಕ್ಕೊಳಗಾದವರ ಗುರುತು ಬಯಲಾಗುವಂತೆ ತೋರಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಂತೆ ಎರಡು ವರ್ಷದವರೆಗೆ ಜೈಲುಶಿಕ್ಷೆಗೆ ಅರ್ಹವಾದ ಅಪರಾಧ, ಮಕ್ಕಳ ವಿಷಯದಲ್ಲಿ ಪೋಕ್ಸೋ ಕಾಯ್ದೆಯ ನಿರ್ಬಂಧವೂ ಇದೆ. ಮುಖವನ್ನು ಮಸುಕು ಮಾಡಿ ಮನೆಯ ಬಾಗಿಲು, ಓಣಿಯ ಫಲಕ, ತಂದೆಯ ಹೆಸರು ತೋರಿಸಿದರೆ ಊರಿಗೆಲ್ಲ ಗುರುತು ಸಿಗುತ್ತದೆ ಎಂಬುದು ತಮಗೆ ಗೊತ್ತಿರುವ ವಿಚಾರವೇ.

ತಮ್ಮ ಜತೆ ಬರುವ ಸಹಾಯಕನ ಕೂಲಿ, ವಿಮೆ, ಹೆಲ್ಮೆಟ್ಟುಗಳ ಲೆಕ್ಕ ಕೇಳುವವರು ಯಾರೂ ಇಲ್ಲದಿದ್ದರೆ ತಾವೇ ಕೇಳಬೇಕು. ಮುಂದೊಂದು ದಿನ ತಾವು ಬ್ಯೂರೊ ಮುಖ್ಯಸ್ಥರಾದಾಗ ಅದನ್ನು ಕೊಡಲೂ ಬೇಕು. ಅಂಥ ಸ್ಥಾನಕ್ಕೆ ಏರಿದವರಿಗೆ ಇನ್ನೂ ಒಂದು ಕೋರಿಕೆ: ಕೊಲೆಯ ಮೊದಲ ದಿನದ ದೃಶ್ಯಕ್ಕೆ ಎಷ್ಟು ಸಂಭಾವನೆಯೋ, ಅದೇ ಪ್ರಕರಣದ ತೀರ್ಪಿನ ದಿನದ ವರದಿಗೂ ಅಷ್ಟೇ ಸಂಭಾವನೆ ನಿಗದಿಯಾಗಲಿ. ಸ್ಟ್ರಿಂಗರಿನ ನೀತಿಯನ್ನು ತಿದ್ದುವುದಕ್ಕಿಂತ ದರಪಟ್ಟಿಯನ್ನು ತಿದ್ದುವುದು ಸುಲಭ, ಮತ್ತು ಬಹುಶಃ ಹೆಚ್ಚು ಫಲಕಾರಿ.

ತಾವೆಲ್ಲರೂ ಇದನ್ನೆಲ್ಲ ಒಮ್ಮೆಗೇ ಮಾಡಬೇಕೆಂಬ ನಿರೀಕ್ಷೆಯಿಲ್ಲ. ಈ ವಾರ ತಾವು ವರದಿ ಮಾಡುವ ಅಪರಾಧ ಪ್ರಕರಣಗಳಲ್ಲಿ ಒಂದನ್ನು ಆರಿಸಿಕೊಂಡು, ಎಫ್‌ಐಆರ್ ಸಂಖ್ಯೆಯನ್ನೂ ಠಾಣೆಯ ಹೆಸರನ್ನೂ ಡೈರಿಯಲ್ಲಿ ಬರೆದಿಟ್ಟುಕೊಂಡು, ಅದು ನ್ಯಾಯಾಲಯದಲ್ಲಿ ಮುಗಿಯುವವರೆಗೆ ಪ್ರತಿ ಮೂರು ತಿಂಗಳಿಗೊಮ್ಮೆ ಅದರ ಸ್ಥಿತಿಯನ್ನು ವಿಚಾರಿಸಿ, ತಿಳಿದುಬಂದದ್ದನ್ನು ಎರಡೇ ಸಾಲಿನಲ್ಲಾದರೂ ವೀಕ್ಷಕರಿಗೆ ತಿಳಿಸಬೇಕೆಂದು ಕೋರಲಾಗಿದೆ.

ಇಂತಿ,
ತಮ್ಮ ಸುದ್ದಿಯನ್ನು ಪ್ರತಿ ರಾತ್ರಿ ನೋಡುವ
ಒಬ್ಬ ವೀಕ್ಷಕ